‘ನೇರವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’

ಸಂಪಾದಕರಿಗೆ ನಮಸ್ಕಾರ,

ರಿಸರ್ಚ್ ಪೇಪರ್ ಬರೆಯೋದು ಹೇಗೆ ಅಂತ ಶಿಕ್ಷಣದ ಪುಟಗಳಲ್ಲಿ ಆಗಾಗ ಲೇಖನ ಬರ್ತಿರತ್ತೆ, ಅಬ್‌ಸ್ಟ್ರಾಕ್ಟ್ ಎಷ್ಟುದ್ದ ಇರಬೇಕು, ಗ್ರಾಫ್ ಹೇಗೆ ಹಾಕ್ಬೇಕು, ಜರ್ನಲ್ ಹೇಗೆ ಆರಿಸ್ಬೇಕು ಎಲ್ಲಾ ಹೇಳ್ತಾರೆ. ಕೊನೇಲಿ ರೆಫರೆನ್ಸ್ ಶುರುವಾಗೋಕೆ ಮುಂಚೆ ಬರೋ ಅಕ್ನಾಲೆಜ್ಮೆಂಟ್, ಅಂದ್ರೆ ನೆರವಾದೋರಿಗೆ ಥ್ಯಾಂಕ್ಸ್ ಹೇಳೋ ಭಾಗದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ನನ್ನ ಇಡೀ ಸರ್ವಿಸ್ ಕಳೆದಿದ್ದು ಆ ನಾಲ್ಕು ಸಾಲಿಗೆ ಸೇರೋ ಥರದ ಕೆಲಸದಲ್ಲೇ, ಅದಕ್ಕೇ ಈ ಪತ್ರ.

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಅಂಗಾಂಶದ ಚೂರನ್ನ ಮೇಣದ ಬ್ಲಾಕ್‌ನಲ್ಲಿ ಕೂರಿಸಿ ಮೈಕ್ರೋಟೋಮ್ ಅನ್ನೋ ಕತ್ತರಿಸೋ ಯಂತ್ರದಲ್ಲಿ 5 ಮೈಕ್ರಾನ್ (ಮಿಲಿಮೀಟರಿನ ಇನ್ನೂರನೇ ಒಂದು ಭಾಗ) ದಪ್ಪಕ್ಕೆ ಕತ್ತರಿಸೋದು ನನ್ನ ಕೆಲಸ. ಕತ್ತರಿಸ್ತಾ ಹೋದ್ರೆ ಒಂದಕ್ಕೊಂದು ಅಂಟ್ಕೊಂಡು ರಿಬ್ಬನ್ ಥರ ಬರತ್ತೆ, ಅದನ್ನ ಬ್ರಷ್ ತುದೀಲಿ ಮೆಲ್ಲಗೆ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಡಬೇಕು, ನೀರು ಸ್ವಲ್ಪ ಜಾಸ್ತಿ ಬಿಸಿ ಆದ್ರೆ ಮೇಣ ಕರಗಿ ಸೆಕ್ಷನ್ (ಕತ್ತರಿಸಿದ ತೆಳು ಪದರ) ಒಡೆದು ಹರಡಿಬಿಡತ್ತೆ, ತಣ್ಣಗಾದ್ರೆ ಸುಕ್ಕು ಬಿಡೋದೇ ಇಲ್ಲ, ಸರಿಯಾಗಿ ಹರಡಿಕೊಂಡ ಮೇಲೆ ಅಡಿಯಿಂದ ಸ್ಲೈಡ್ ತೂರಿಸಿ ಉಸಿರು ಬಿಗಿಹಿಡಿದು ಎತ್ತಬೇಕು. ಸ್ಲೈಡ್ ಮೇಲೆ ನಂಬರ್ ಹಾಕೋದು ಪೆನ್ಸಿಲ್‌ನಲ್ಲೇ, ಪೆನ್ನಲ್ಲಿ ಬರೆದ್ರೆ ಆಲ್ಕೋಹಾಲ್‌ನಲ್ಲೋ ಝೈಲೀನ್‌ನಲ್ಲೋ ಅಳಿಸಿಹೋಗತ್ತೆ, ಆಮೇಲೆ ಯಾವ ಸ್ಯಾಂಪಲ್ ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಪೇಪರ್‌ನಲ್ಲಿ ಅಚ್ಚಾಗೋ ಗುಲಾಬಿ-ನೇರಳೆ ಬಣ್ಣದ ಫೋಟೋಗಳು ಹೀಗೆ ತಯಾರಾಗೋದು.

ಒಂದ್ಸಲ ಒಂದು ಪೇಪರ್ ಬಂತು, ಅದರಲ್ಲಿದ್ದ ಅಷ್ಟೂ ಸ್ಲೈಡಿನ ಫೋಟೋ ನಾನು ಮಾಡಿಕೊಟ್ಟ ಸೆಕ್ಷನ್ನಿಂದು. ಅಕ್ನಾಲೆಜ್ಮೆಂಟ್‌ನಲ್ಲಿ ನಿರ್ದೇಶಕರಿಗೆ ಥ್ಯಾಂಕ್ಸ್, ವಿಭಾಗದ ಮುಖ್ಯಸ್ಥರಿಗೆ ಥ್ಯಾಂಕ್ಸ್, ಕೊನೇಲಿ ‘ನೇರವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’. ಆ ‘ಎಲ್ಲರೂ’ ಅನ್ನೋದ್ರೊಳಗೆ ನಾನೂ ಇದ್ದೆ. ಅವತ್ತು ಮನಸ್ಸಿಗೆ ಬಹಳ ನೋವಾಯ್ತು, ಇವತ್ತಿಗೂ ಆ ಸಾಲು ಎಲ್ಲಿ ಕಂಡ್ರೂ ನೋವಾಗತ್ತೆ.

ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ, ನಾನು ಆಥರ್ ಪಟ್ಟ ಕೇಳ್ತಿಲ್ಲ. ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಐಸಿಎಂಜೆಇ ಅಂತಾರಲ್ಲ, ಅವರು ಆಥರ್ ಆಗೋಕೆ 4 ಷರತ್ತು ಇಟ್ಟಿದಾರೆ. ಸಂಶೋಧನೆಯ ರೂಪರೇಖೆಗೋ ಡೇಟಾಗೋ ದೊಡ್ಡ ಕೊಡುಗೆ ಇರಬೇಕು, ಬರವಣಿಗೆಯಲ್ಲಿ ಇಲ್ಲಾ ತಿದ್ದೋದ್ರಲ್ಲಿ ಪಾಲಿರಬೇಕು, ಕೊನೇ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದ್ರೂ ಪ್ರಶ್ನೆ ಎತ್ತಿದ್ರೆ ಜವಾಬ್ದಾರಿ ಹೊರಬೇಕು. ನಾಲ್ಕೂ ಇದ್ರೆ ಆಥರ್, ಇಲ್ಲದಿದ್ರೆ ಅಕ್ನಾಲೆಜ್ಮೆಂಟ್. ಬರೀ ದುಡ್ಡು ತಂದುಕೊಟ್ಟವರು, ಬರೀ ಮೇಲುಸ್ತುವಾರಿ ನೋಡ್ಕೊಂಡವರು, ಭಾಷೆ ತಿದ್ದಿಕೊಟ್ಟವರು ಎಲ್ಲಾ ಅಲ್ಲೇ ಬರಬೇಕು ಅಂತಾನೇ ನಿಯಮ. ಅಂದಮೇಲೆ ನನ್ನಂಥೋರಿಗೆ ಪೇಪರ್‌ನಲ್ಲಿ ಇರೋ ಜಾಗ ಅದೊಂದೇ, ಅದನ್ನೂ ‘ಎಲ್ಲರಿಗೂ’ ಅಂತ ಒರೆಸಿಬಿಟ್ರೆ ಇನ್ನೇನು ಉಳೀತು.

ವಿಜ್ಞಾನದ ಚರಿತ್ರೆ ನೋಡಿದ್ರೂ ಈ ನಾಲ್ಕು ಸಾಲಿನ ಬೆಲೆ ಗೊತ್ತಾಗತ್ತೆ. ಫರ್ಮಿ, ಪಾಸ್ತಾ, ಉಲಾಮ್ ಅನ್ನೋ ಮೂವರು ವಿಜ್ಞಾನಿಗಳು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮ್ಯಾನಿಯಾಕ್ ಕಂಪ್ಯೂಟರ್‌ನಲ್ಲಿ ಮಾಡಿದ ಲೆಕ್ಕಾಚಾರದ 1955ರ ವರದಿ ಬಹಳ ಹೆಸರುವಾಸಿ, ಆ ಪ್ರೋಗ್ರಾಂ ಬರೆದು ಓಡಿಸಿದ್ದು ಮೇರಿ ಸಿಂಗೂ ಅನ್ನೋ ಹೆಣ್ಣುಮಗಳು, ವರದಿ ಬರೆದವರ ಸಾಲಲ್ಲಿ ಅವರ ಹೆಸರಿಲ್ಲ, ಅಡಿಟಿಪ್ಪಣಿಯಲ್ಲಿ ಒಂದು ಥ್ಯಾಂಕ್ಸ್ ಇದೆ. 2008ರಲ್ಲಿ ಒಬ್ಬ ಭೌತವಿಜ್ಞಾನಿ ಅದನ್ನ ಎತ್ತಿ ತೋರಿಸಿ ಬರೆದ ಮೇಲೆ ಮೊದಲು ಆ ಮೂವರ ಹೆಸರಲ್ಲೇ ಕರೀತಿದ್ದ ಆ ಲೆಕ್ಕದ ಸಮಸ್ಯೆಗೆ ಈಗ ಎಷ್ಟೋ ಜನ ಸಿಂಗೂ ಹೆಸರನ್ನೂ ಸೇರಿಸಿ ಹೇಳ್ತಾರೆ. ಹಾಗೇ ವ್ಯಾಟರ್‌ಸನ್ ಅವರ 1975ರ ಪೇಪರ್, ಜೆನೆಟಿಕ್ಸ್ ಓದಿದೋರಿಗೆಲ್ಲಾ ಗೊತ್ತಿರತ್ತೆ, ಅದರಲ್ಲಿ ಲೆಕ್ಕ ಮಾಡಿಕೊಟ್ಟಿದ್ದಕ್ಕೆ ಮಾರ್ಗರೆಟ್ ವೂ ಅನ್ನೋರಿಗೆ ಥ್ಯಾಂಕ್ಸ್ ಹೇಳಿದಾರೆ. ಎಷ್ಟೋ ವರ್ಷ ಆದ್ಮೇಲೆ ಕೆಲವರು ಆ ಪೇಪರ್ ಬಂದಿದ್ದ ಜರ್ನಲ್‌ನ 1970ರಿಂದ 1990ರವರೆಗಿನ ಪೇಪರ್‌ಗಳ ಅಕ್ನಾಲೆಜ್ಮೆಂಟ್‌ಗಳನ್ನೇ ಓದಿ, ಪ್ರೋಗ್ರಾಂ ಬರೆದುಕೊಟ್ಟು ಥ್ಯಾಂಕ್ಸ್‌ನಲ್ಲೇ ಉಳಿದುಬಿಟ್ಟ ಹೆಂಗಸರನ್ನ ಗುರುತಿಸಿ 2019ರಲ್ಲಿ ಪ್ರಕಟಿಸಿದ್ರು. ಇವರಲ್ಲಿ ಎಷ್ಟು ಜನ ಆಥರ್ ಆಗಬೇಕಿತ್ತು ಅನ್ನೋದು ದೊಡ್ಡ ಪ್ರಶ್ನೆನೇ. ಆದ್ರೆ ಹೆಸರು, ಮಾಡಿದ ಕೆಲಸ ಎರಡೂ ಅಲ್ಲಿ ಬರೆದಿತ್ತು, ಹಾಗಾಗಿ ಹುಡುಕೋಕಾಯ್ತು. ‘ನೇರವಾಗಿ ಹಾಗೂ ಪರೋಕ್ಷವಾಗಿ’ ಅಂದಿದ್ರೆ ಯಾರನ್ನ ಅಂತ ಹುಡುಕ್ತಿದ್ರು?

ಐನ್‌ಸ್ಟೀನ್ 1905ರಲ್ಲಿ ಬರೆದ ಸಾಪೇಕ್ಷತೆಯ ಪೇಪರ್‌ನಲ್ಲಿ ರೆಫರೆನ್ಸ್ ಪಟ್ಟಿನೇ ಇಲ್ಲ, ಆದ್ರೂ ಕೊನೇಲಿ ಗೆಳೆಯ ಬೆಸ್ಸೋ ಹೆಸರು ಹೇಳಿ, ಜೊತೆಗೆ ನಿಂತ, ಒಳ್ಳೊಳ್ಳೆ ಸಲಹೆ ಕೊಟ್ಟ ಅಂತ ನೆನೆಸಿದಾರೆ. ನನಗೆ ಅದು ತುಂಬಾ ಇಷ್ಟ.

ಬರೆಯೋ ವಿದ್ಯಾರ್ಥಿಗಳಿಗೆ ಹೇಳೋದೇನಂದ್ರೆ, ಸಬ್ಮಿಟ್ ಮಾಡೋ ರಾತ್ರಿ ಅವಸರದಲ್ಲಿ ನೆನಪು ಮಾಡ್ಕೊಂಡು ಬರೆಯೋ ಭಾಗ ಇದಲ್ಲ. ಕೆಲಸ ಶುರುವಾದ ದಿನದಿಂದ ಲ್ಯಾಬ್ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಯಾರು ಏನು ಮಾಡಿಕೊಟ್ರು ಅಂತ ಗುರುತು ಹಾಕ್ತಾ ಬನ್ನಿ. ದುಡ್ಡು ಕೊಟ್ಟ ಸಂಸ್ಥೆ ಹೆಸರು, ಗ್ರಾಂಟ್ ನಂಬರ್ ಅವರು ಕೊಟ್ಟ ಹಾಗೇ ಹಾಕಿ, ಒಂದು ಅಂಕಿ ತಪ್ಪಿದ್ರೂ ಆಮೇಲೆ ಅವರ ಲೆಕ್ಕಕ್ಕೆ ಸಿಗಲ್ಲ, ಕೆಲವು ಜರ್ನಲ್‌ಗಳಲ್ಲಿ ಅದಕ್ಕೆ ಬೇರೇನೇ ಜಾಗ ಇರತ್ತೆ ನೋಡ್ಕೊಳ್ಳಿ. ಬರವಣಿಗೆಗೆ ಎಐ ಬಳಸಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ಐಸಿಎಂಜೆಇ ನಿಯಮದಲ್ಲಿ ಅದೂ ಇದೆ, ಎಐ ಆಥರ್ ಆಗೋ ಹಾಗಿಲ್ಲ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ, ಯಾರ ಹೆಸರು ಹಾಕ್ತೀರೋ ಅವರ ಒಪ್ಪಿಗೆ ತಗೋಬೇಕು. ಥ್ಯಾಂಕ್ಸ್ ಹೇಳೋಕೂ ಪರ್ಮಿಷನ್ನಾ ಅನ್ಬೇಡಿ, ದೊಡ್ಡ ವಿಜ್ಞಾನಿಯೊಬ್ಬರ ಹೆಸರು ಅಲ್ಲಿ ಕಂಡ್ರೆ ಅವರು ಈ ಪೇಪರ್ ಒಪ್ಪಿದಾರೆ ಅಂತ ಓದೋರು ಅಂದ್ಕೊಳ್ತಾರೆ, ಅವರು ಒಪ್ಪಿರದೇ ಇರಬಹುದು. ಅದಕ್ಕೇ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ ಅಂತ ಅದೇ ಸಮಿತಿ ಸಂಪಾದಕರಿಗೆ ಹೇಳಿರೋದು.

ನನ್ನ ಹತ್ರ ಹಾಗೆ ಒಪ್ಪಿಗೆ ಕೇಳಿದ್ದು ಒಬ್ಬಳೇ ಹುಡುಗಿ. ಪಿಎಚ್‌ಡಿ ಮಾಡ್ತಿದ್ಲು. ನಾನು ಬ್ಲೇಡ್ ಬದಲಾಯಿಸ್ತಿದ್ದಾಗ ಪ್ರಿಂಟ್ ತಗೊಂಡು ಬಂದು, ಸರ್ ಇದು ಸರಿಯಾಗಿದೆಯಾ ನೋಡಿ, ನಿಮ್ಮ ಹೆಸರು ಹಾಕಬಹುದಾ ಅಂದ್ಲು. 5 ಮೈಕ್ರಾನ್ ಸೆಕ್ಷನ್‌ಗಳನ್ನ ತಯಾರಿಸಿ ಬಣ್ಣ ಹಾಕಿಕೊಟ್ಟಿದ್ದಕ್ಕೆ ಅಂತ ಬರೆದು ನನ್ನ ಹೆಸರು ಹಾಕಿದ್ಲು. ಇನಿಷಿಯಲ್ ಒಂದು ತಪ್ಪಾಗಿತ್ತು, ನನ್ನ ಜೇಬಲ್ಲಿ ಸ್ಲೈಡಿಗೆ ಬರೆಯೋ ಪೆನ್ಸಿಲ್ ಇತ್ತು, ಅದರಲ್ಲೇ ತಿದ್ದಿ ಕೊಟ್ಟೆ. ಪೇಪರ್ ಬಂದಾಗ ಸರಿಯಾಗೇ ಬಂತು, ಅದರ ಒಂದು ಪ್ರತಿ ಈಗಲೂ ನನ್ನ ಹತ್ರ ಇದೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್