ಸೈಟಿನಲ್ಲಿ ಅವರೆ ಹೂ ಬಿಟ್ಟಿದೆ

ಪ್ರೀತಿಯ ಗೆಳೆಯಾ,

ರಿಟೈರ್ ಆದ ಮೇಲೆ ಏನು ಮಾಡ್ತಿದ್ದೀಯ ಅಂತ ನೀನು ಕೇಳಿದ್ದೆ. ಬೇಸಾಯ ಮಾಡುತ್ತಿದ್ದೇನೆ ಕಣೋ. ನಗಬೇಡ.

ಮೈಸೂರಿನ ಬೋಗಾದಿಯಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟು, 30-40ರದ್ದು. ಒಂದು ಗುಂಟೆಗಿಂತ ಚೂರು ಜಾಸ್ತಿ, ಅಷ್ಟೇ. ಮಂಡ್ಯದಲ್ಲಿ ನಿಮ್ಮಪ್ಪ ನಾಲೆ ನೀರು ಹಾಯಿಸಿ ಕಬ್ಬು ಬೆಳೆಯುತ್ತಿದ್ದರಲ್ಲ, ಅದರ ಒಂದು ಮೂಲೆಗೂ ಸಾಲದು. ಸೈಟಿನ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಬಾಡಿಗೆ ಬೇಡ, ಪಾರ್ಥೇನಿಯಂ ಬೆಳೆಯದಂತೆ ನೋಡಿಕೊಂಡರೆ ಸಾಕು ಎಂದರು. ಗುದ್ದಲಿ ಹಾಕಿದರೆ ಮಣ್ಣಿಗಿಂತ ಇಟ್ಟಿಗೆ ಚೂರು, ಜಲ್ಲಿಯೇ ಜಾಸ್ತಿ. ಅದನ್ನು ಆಯ್ದು, ಕೊಟ್ಟಿಗೆ ಗೊಬ್ಬರ ಹಾಕಿ, ಪಾತಿ ಮಾಡುವಷ್ಟರಲ್ಲಿ ನನ್ನ ಸೊಂಟ ಹೋಯಿತು.

ಬೆಳೆಸುವುದಕ್ಕಿಂತ ಕೀಳುವುದೇ ಕಷ್ಟ ಅಂತ ಈಗ ಗೊತ್ತಾಗಿದೆ. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳಬೇಕು. ಒಂದು ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋದೆ. ಬಂದು ನೋಡಿದರೆ ಎಲ್ಲಾ ಬಲಿತು ನಾರು. ಬೀಜ ಕಟ್ಟಿದ ಮೇಲೆ ಗಿಡಕ್ಕೂ ಕೆಲಸ ಮುಗಿಯಿತು ಅನ್ನಿಸುತ್ತದೋ ಏನೋ, ಆಮೇಲೆ ಕಾಯಿ ಕಮ್ಮಿಯಾಯಿತು.

ಚೆಂಡುಹೂವಿನ ಕತೆ ಕೇಳು. ನಾಟಿ ಮಾಡಿ ಎರಡು ತಿಂಗಳಿಗೆ ಹೂವು ಅಂತ ಲೆಕ್ಕ ಹಾಕಿ, ಆಯುಧಪೂಜೆಗೆ ಸರಿಯಾಗಿ ಬರಲಿ ಅಂತ ಸಸಿ ಹಾಕಿದೆ. ಕುಡಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ ಅಂತ ಯಾರೋ ಹೇಳಿದರು. ಚಿವುಟಿದೆ. ಚಿವುಟಿದರೆ ಹೂವು ತಡವಾಗುತ್ತದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಬ್ಬದ ದಿನ ಗಿಡದ ತುಂಬಾ ಹಸಿರು ಮೊಗ್ಗು. ದೇವರಾಜ ಮಾರುಕಟ್ಟೆಗೆ ಹೋಗಿ, ನೂಕುನುಗ್ಗಲಲ್ಲಿ ಚೌಕಾಸಿ ಮಾಡಿ, ಸ್ಕೂಟರಿಗೆ ಎರಡು ಮಾರು ಹೂವು ತಂದೆ! ಜಂಬೂಸವಾರಿ ಮುಗಿದ ಮುಂದಿನ ವಾರ ಸೈಟೆಲ್ಲಾ ಹಳದಿ. ದೀಪಾವಳಿಗೆ ಬೀದಿಯವರಿಗೆಲ್ಲಾ ಹಂಚಿದೆ.

ಈಗ ಅವರೆಯ ಕಾಲ. ಅವ್ವ ಬೂದಿ ಬೆರೆಸಿ ಡಬ್ಬಿಯಲ್ಲಿ ಇಟ್ಟಿದ್ದ ನಾಟಿ ಬೀಜ ಅದು. ಜುಲೈನಲ್ಲಿ ಹಾಕಿದೆ. ಸೆಪ್ಟೆಂಬರ್ ಬಂತು, ಅಕ್ಟೋಬರ್ ಬಂತು, ಬರೀ ಎಲೆ, ಬರೀ ಬಳ್ಳಿ. ಕಿತ್ತು ಕೊತ್ತಂಬರಿ ಹಾಕಿ ಅಂತ ಹೆಂಡತಿ ದಿನಾ ಹೇಳುತ್ತಿದ್ದಳು. ಫೋನಿನಲ್ಲಿ ಅವ್ವನನ್ನು ಕೇಳಿದರೆ, "ಮಂಜು ಬೀಳ್ಲಿ, ತಡಿಯಪ್ಪ" ಎಂದಳು. ಹಗಲು ಚಿಕ್ಕದಾಗದೆ ನಾಟಿ ಅವರೆ ಹೂ ಬಿಡುವುದಿಲ್ಲವಂತೆ. ಹೆಬ್ಬಾಳ ಅವರೆ ಅನ್ನುವ ತಳಿಯಾದರೆ ಯಾವಾಗ ಹಾಕಿದರೂ ಬರುತ್ತದೆ, ಆದರೆ ಆ ಸೊಗಡು ಎಲ್ಲಿ? ಹೋದ ವಾರ ಬೆಳಗ್ಗೆ ನೋಡುತ್ತೇನೆ, ಬಿಳಿ ಹೂವಿನ ಗೊಂಚಲು. ಕುಡಿಯ ಮೇಲೆ ಕರಿ ಹೇನೂ ಬಂದಿದೆ. ಬೂದಿ ಎರಚುತ್ತಿದ್ದೇನೆ. ಎಲೆ ಮುಟ್ಟಿದರೆ ಸಾಕು, ಸೋಪು ಹಾಕಿದರೂ ಕೈಯಿಂದ ವಾಸನೆ ಹೋಗಲ್ಲ. ಆಫೀಸಿನಲ್ಲಿದ್ದಾಗ ಊರಿನ ಈ ವಾಸನೆಗೆ ನಾಚಿಕೊಳ್ಳುತ್ತಿದ್ದೆ, ನೋಡು.

ಒಂದು ಬೇಜಾರಿನ ವಿಷಯ. ಯಜಮಾನರು ಫೋನ್ ಮಾಡಿದ್ದರು. ಯುಗಾದಿ ಕಳೆದ ಮೇಲೆ ಪಾಯ ತೆಗೆಯುತ್ತಾರಂತೆ. ಅವರ ಸೈಟು, ಅವರ ಮನೆ, ನಾನು ಏನು ಹೇಳಲಿ. ಅವರೆ ಅಷ್ಟರಲ್ಲಿ ಮುಗಿಯುತ್ತದೆ, ಬದನೆಯದೂ ಚಿಂತೆಯಿಲ್ಲ. ಆದರೆ ಮೂಲೆಯಲ್ಲಿ ಒಂದು ಮೈಸೂರು ಮಲ್ಲಿಗೆ ಗಿಡ ಇದೆ. ಅದು ಮೊಗ್ಗು ಬಿಡುವುದು ಬೇಸಿಗೆಗೆ, ಸರಿಯಾಗಿ ಜೆಸಿಬಿ ಬರುವ ಹೊತ್ತಿಗೆ. ಚಳಿಗಾಲದಲ್ಲೇ ಸವರಿ, ಬೇರಿನ ಮಣ್ಣು ಉದುರದಂತೆ ಎತ್ತಿ, ತಾರಸಿಯ ಮೇಲೆ ಡ್ರಮ್ಮಿನಲ್ಲಿ ನೆಡಬೇಕು ಅಂದುಕೊಂಡಿದ್ದೇನೆ. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಸಂಕ್ರಾಂತಿಗೆ ಬರುತ್ತೀಯಲ್ಲ, ಎರಡು ದಿನ ಜಾಸ್ತಿ ಇರುವ ಹಾಗೆ ಬಾ. ಹಿತಕಿದ ಬೇಳೆ ಸಾರು ಉಂಡುಕೊಂಡು ಗಿಡ ಎತ್ತೋಣ. ಹಳೇ ಪ್ಯಾಂಟ್ ತಗೊಂಡು ಬಾ.

ನಿನ್ನ ಗೆಳೆಯ