ಚೋಮನಿಗೆ ಭೂಮಿ ಏಕೆ ಸಿಗಲಿಲ್ಲ? ಉತ್ತರ ಹುಡುಕುವ ವಿದ್ಯಾರ್ಥಿಗಳಿಗೆ ದಾಖಲೆ ಕೊಠಡಿ ತೆರೆಯಲಿ

ಮಾನ್ಯ ಸಂಪಾದಕರೇ,

ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಅದನ್ನು ಪಠ್ಯವಾಗಿ ಓದಿದ ತಲೆಮಾರುಗಳು ಹಲವು. ಪರೀಕ್ಷೆಗೆ ಚೋಮನ ಪಾತ್ರಚಿತ್ರಣ, ಅವನ ಮಗಳು ಬೆಳ್ಳಿಯ ದುರಂತ, ಅವನು ಬಾರಿಸುವ ದುಡಿ ಎಂಬ ವಾದ್ಯದ ಸಾಂಕೇತಿಕತೆ ಎಂಬ ಮೂರು ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡರೆ ಸಾಕೆಂಬ ಅಭ್ಯಾಸವೂ ಅಷ್ಟೇ ಹಳೆಯದು. ಆದರೆ ಕಿರುಸಂಶೋಧನಾ ಪ್ರಬಂಧ ಬರೆಯಬೇಕಾದ ಇಂದಿನ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೆಲವರು ಇಷ್ಟಕ್ಕೆ ತೃಪ್ತರಾಗದೆ, ಕಾದಂಬರಿಯ ಹಿಂದಿರುವ ದಕ್ಷಿಣ ಕನ್ನಡದ ಸಾಮಾಜಿಕ ಚರಿತ್ರೆಯನ್ನು ಮೂಲ ದಾಖಲೆಗಳಿಂದಲೇ ಅರಿಯಬೇಕೆಂದು ಹೊರಟಿದ್ದಾರೆ. ಮಾರ್ಗದರ್ಶನ ಕೇಳಿ ನನ್ನಲ್ಲಿಗೂ ಬರುತ್ತಾರೆ. ಅವರ ಉತ್ಸಾಹಕ್ಕೆ ಅಡ್ಡವಾಗಿರುವುದು ದಾಖಲೆಗಳ ಕೊರತೆಯಲ್ಲ, ಇರುವ ದಾಖಲೆಗಳನ್ನು ಅವರಿಗೆ ತೋರಿಸದ ನಮ್ಮ ವ್ಯವಸ್ಥೆ. ಈ ಪತ್ರವನ್ನು ಬರೆಯುತ್ತಿರುವುದು ಅದರ ಬಗ್ಗೆ.

ಧಣಿಯ ಆಳಾಗಿ ದುಡಿಯುತ್ತಿದ್ದ ದಲಿತ ಚೋಮ ಕೇಳಿದ್ದು ಬೇಸಾಯಕ್ಕೆ ಒಂದು ತುಂಡು ಗದ್ದೆ. ಕಾಡಿನಲ್ಲಿ ಸಿಕ್ಕಿದ್ದನ್ನು ಸಾಕಿ ಬೆಳೆಸಿದ ಜೋಡಿ ಎತ್ತು ಅವನಲ್ಲಿತ್ತು, ದುಡಿಯುವ ಮಕ್ಕಳಿದ್ದರು. ಧಣಿ ಸಂಕಪ್ಪಯ್ಯ ಕ್ರೂರಿಯೂ ಅಲ್ಲ. ಕೊಡೋಣವೆಂಬ ಮನಸ್ಸು ಅವನಿಗೆ ಬಂದರೂ ಮಡಿಯ ಮಾತೆತ್ತಿದ ಹೆತ್ತ ತಾಯಿಯ ವಿರೋಧವನ್ನು ಮೀರಲಾರದೆ ಹೋಗುತ್ತಾನೆ. ಇದನ್ನು ಓದಿ ‘ಜಾತಿ ವ್ಯವಸ್ಥೆಯ ಕ್ರೌರ್ಯ’ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ಸುಲಭ. ವಿದ್ಯಾರ್ಥಿನಿಯೊಬ್ಬಳು ಹಾಗೆ ಮುಂದೆ ಹೋಗದೆ, ‘ಸಂಕಪ್ಪಯ್ಯ ಒಪ್ಪಿದ್ದರೆ ಯಾವ ಕಾಗದದ ಮೇಲೆ, ಯಾವ ಗೇಣಿಗೆ ಕೊಡುತ್ತಿದ್ದ?’ ಎಂದು ನನ್ನನ್ನು ಕೇಳಿದಳು. ಇಡೀ ಕಾದಂಬರಿಯನ್ನು ಬೇರೆ ಬೆಳಕಿನಲ್ಲಿ ಓದಿಸುವ ಪ್ರಶ್ನೆಯಿದು.

ಅಂದು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರ, ಅವನ ಕೆಳಗೆ ಶಾಶ್ವತ ಹಕ್ಕು ಮತ್ತು ನಿಗದಿತ ಗೇಣಿಯ ಮೂಲಗೇಣಿದಾರ, ಅವನಿಗೂ ಕೆಳಗೆ ಧಣಿಯ ಮರ್ಜಿಯಿರುವಷ್ಟು ಕಾಲ ಮಾತ್ರ ಉಳುವ ಚಾಲಗೇಣಿ ಒಕ್ಕಲು ಎಂಬ ಮೆಟ್ಟಿಲುಗಳಿದ್ದವು. ಈ ಮೆಟ್ಟಿಲುಗಳಲ್ಲಿ ಎಲ್ಲಿಯೂ ಸೇರದೆ ಧಣಿಯ ಮನೆತನಕ್ಕೇ ಅಂಟಿಕೊಂಡು ದುಡಿಯುತ್ತಿದ್ದವನು ಮೂಲದಾಳು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗುಲಾಮರ ಬೆಲೆಯನ್ನೂ ಅವರಿಗೆ ಅಳೆದುಕೊಡುವ ಪಡಿಯನ್ನೂ ಬರೆದಿಟ್ಟಿದ್ದಾನೆ. 1843ರ ಕಾಯ್ದೆಯಿಂದ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯಿತು. ಆದರೆ ಆಳು ಒಕ್ಕಲಾಗುವ ದಾರಿಯೇನೂ ಅದರಿಂದ ತೆರೆಯಲಿಲ್ಲ. ಚೋಮನಿಗೆ ಚಾಲಗೇಣಿಯಾದರೂ ಸಾಕಿತ್ತು. ಚಾಲಗೇಣಿಗೆ ಗದ್ದೆ ಹಿಡಿಯುವವನಲ್ಲಿ ಮುಖ್ಯವಾಗಿ ಬೇಕಾದದ್ದು ಉಳುವ ಎತ್ತು, ಅದು ಅವನ ಹಟ್ಟಿಯಲ್ಲೇ ಇತ್ತು. ಆಳು ಒಕ್ಕಲಾದರೆ ಧಣಿಯ ಗದ್ದೆಗೆ ಒಂದು ಸಂಸಾರದ ದುಡಿಮೆಯೇ ತಪ್ಪುತ್ತದೆಂಬ ಲೆಕ್ಕವೂ ಆ ತಾಯಿಯ ಮಡಿಯ ಮಾತಿನ ಹಿಂದೆ ಇದ್ದಿರಬೇಕೆಂಬುದು ನನ್ನ ಅಭಿಪ್ರಾಯ. ಇದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಆ ಕಾಲದ ಗೇಣಿಚೀಟುಗಳನ್ನೂ ಸೆಟ್ಲ್‌ಮೆಂಟ್ ರಿಜಿಸ್ಟರುಗಳನ್ನೂ ಅಡಂಗಲ್‌ಗಳನ್ನೂ (ಯಾವ ಗದ್ದೆಯಲ್ಲಿ ಯಾರು ಏನು ಬೆಳೆದರೆಂಬ ಗ್ರಾಮಲೆಕ್ಕದ ಪುಸ್ತಕಗಳು) ಸಾಲುಸಾಲಾಗಿ ಓದಬೇಕು.

ಚೋಮ ಕಾಫಿ ತೋಟದ ಧಣಿಗೆ ತೀರಿಸಬೇಕಿದ್ದ ಸಾಲದ ಪ್ರಕರಣವೂ ಹೀಗೆಯೇ. ಮುಂಗಡ ಪಡೆದು ಕೆಲಸ ತಪ್ಪಿಸಿದ ಕೂಲಿಯಾಳನ್ನು ಜೈಲಿಗೆ ಕಳುಹಿಸಲು ಅವಕಾಶ ಕೊಟ್ಟಿದ್ದ 1859ರ ಕಾಯ್ದೆ 1925ರಲ್ಲಿ ರದ್ದಾಗಿತ್ತು. ಎಂಟು ವರ್ಷಗಳ ಬಳಿಕ ಬಂದ ಕಾದಂಬರಿಯಲ್ಲಿ ಸಾಲದ ಹಿಡಿತ ಮಾತ್ರ ಹಾಗೆಯೇ ಇದೆ: ಸಾಲ ತೀರಿಸಲು ಹೋದ ಮಗ ಚನಿಯ ಘಟ್ಟದ ತೋಟದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ, ಇನ್ನೊಬ್ಬ ಮಗ ಗುರುವ ಮತಾಂತರಗೊಂಡು ಅಲ್ಲೇ ಉಳಿಯುತ್ತಾನೆ, ತಂದೆಯ ಸಾಲ ತೀರಿಸಲು ಹೋದ ಬೆಳ್ಳಿ ತನ್ನ ದೇಹವನ್ನೇ ತೆರಬೇಕಾಗುತ್ತದೆ. ಈ ಚರಿತ್ರೆಯ ಕಾಗದಪತ್ರಗಳು ಒಂದೇ ಕಡೆ ಇಲ್ಲ. ದಕ್ಷಿಣ ಕನ್ನಡ ಮದ್ರಾಸಿನದು, ಚಿಕ್ಕಮಗಳೂರು ಮೈಸೂರು ಸಂಸ್ಥಾನದ್ದು, ಕೊಡಗು ಪ್ರತ್ಯೇಕ ಆಡಳಿತದ್ದು ಆಗಿದ್ದುದರಿಂದ ಘಟ್ಟ ಹತ್ತಿದ ಒಬ್ಬ ಆಳಿನ ಜಾಡು ಹಿಡಿಯಲು ಚೆನ್ನೈಯ ಎಗ್ಮೋರ್, ಬೆಂಗಳೂರು, ಮಡಿಕೇರಿಗಳ ದಾಖಲೆ ಸಂಗ್ರಹಗಳನ್ನು ಸುತ್ತಬೇಕು. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾಗಿದ್ದ ಬಾಸೆಲ್ ಮಿಶನ್ನಿನ ಕಡತಗಳಲ್ಲಿ ಒಂದು ಭಾಗ ಮಂಗಳೂರಿನ ಬಲ್ಮಠದಲ್ಲಿದೆ. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮ ತಾನು ನಂಬಿದ ದೈವ ಪಂಜುರ್ಲಿಯ ನೆಲೆಯ ಮುಂದೆ ಮನಸ್ಸು ಬದಲಿಸಿ ಹಿಂದಿರುಗುವ ಪ್ರಸಂಗವನ್ನು ಅಭ್ಯಸಿಸುವವರು ಅಲ್ಲಿಗೂ ಹೋಗಲೇಬೇಕು.

ಇವೆಲ್ಲಕ್ಕಿಂತ ಹತ್ತಿರದ ಆಕರವೊಂದು ನಮ್ಮ ತಾಲೂಕು ಕಚೇರಿಗಳಲ್ಲೇ ಇದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ‘ಡಿಪ್ರೆಸ್ಡ್ ಕ್ಲಾಸ್’ನವರಿಗೆಂದು, ಅಂದರೆ ದಲಿತರಿಗೆಂದು, ಕಾದಿರಿಸಿದ, ಇಂದಿಗೂ ಅವಿಭಜಿತ ಜಿಲ್ಲೆಯಲ್ಲಿ ಡಿ.ಸಿ. ಮನ್ನಾ ಎಂದೇ ಕರೆಯುವ ಜಮೀನು ಯಾವ ಊರಿನಲ್ಲಿ ಎಷ್ಟಿತ್ತು, ಯಾರ ಕೈಗೆ ಹೋಯಿತು, ಯಾರಿಗೆ ಸಿಗಲೇ ಇಲ್ಲ ಎಂಬುದು ಚೋಮನ ಕತೆಗೆ ನೇರವಾಗಿ ಸಂಬಂಧಿಸಿದ ವಿಷಯ. ಇದಕ್ಕಾಗಿ ದಲಿತ ಸಂಘಟನೆಗಳು ಇಂದಿಗೂ ಅರ್ಜಿ ಕೊಡುತ್ತಿವೆ, ಧರಣಿ ಕೂರುತ್ತಿವೆ. ಸಮಾಜ ಸುಧಾರಕ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಮಕ್ಕಳಿಗೆ ಶಾಲೆ ತೆರೆದದ್ದು, 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಪುತ್ತೂರಿಗೆ ಬಂದದ್ದು ನಮ್ಮ ಭಾಷಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಅದೇ ಕಾಲದ ಭೂಮಿಯ ಲೆಕ್ಕ ಅಲ್ಲಿ ಕೇಳಿಬರುವುದಿಲ್ಲ.

ಇನ್ನೊಂದು ಆಕರ ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಿದ ಭೂನ್ಯಾಯಮಂಡಳಿಯ ಕಡತಗಳು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂಮಿಯ ಒಡೆಯರಾದರು. ಇದನ್ನೇ ನಮ್ಮ ಕಡೆ ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎನ್ನುವುದು. ಈ ಕಾದಂಬರಿಯನ್ನು ಆಧರಿಸಿದ ಬಿ.ವಿ. ಕಾರಂತರ ಚಲನಚಿತ್ರ ತೆರೆಗೆ ಬಂದದ್ದೂ ಇದೇ ಸಂದರ್ಭದಲ್ಲಿ, 1975ರಲ್ಲಿ. ಊರವರೊಬ್ಬರು ತಮ್ಮ ಮನೆಯಲ್ಲಿದ್ದ ಅಂಥ ಕಡತದ ನಕಲನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟಿದ್ದರು. ಅರ್ಜಿದಾರನ ಹೆಬ್ಬೆಟ್ಟಿನ ಗುರುತು, ಗೇಣಿ ಅಕ್ಕಿಗೆ ರಶೀದಿ ಕೊಡುವ ಕ್ರಮವೇ ಇರಲಿಲ್ಲವೆಂಬ ಹೇಳಿಕೆ, ‘ಇವನು ಒಕ್ಕಲಲ್ಲ, ನಮ್ಮ ಆಳು’ ಎಂಬ ಧಣಿಯ ತಕರಾರು, ನೆರೆಹೊರೆಯವರ ಸಾಕ್ಷ್ಯ, ಎಲ್ಲವೂ ಅದರಲ್ಲಿತ್ತು. ಒಕ್ಕಲೋ ಆಳೋ ಎಂಬ ಆ ಒಂದು ಪ್ರಶ್ನೆಯ ಮೇಲೆ ಒಂದು ಸಂಸಾರದ ಭವಿಷ್ಯ ನಿಂತಿತ್ತು. ಒಕ್ಕಲೆಂದು ತೀರ್ಮಾನವಾದವನಿಗೆ ಗದ್ದೆ. ಆಳೆಂದು ತೀರ್ಮಾನವಾದವನಿಗೆ ಹೆಚ್ಚೆಂದರೆ ಅದೇ ಕಾಯ್ದೆಯ 38ನೇ ಕಲಮಿನಂತೆ ತಾನು ವಾಸವಿದ್ದ ಮನೆ ಮತ್ತು ಅದರ ಅಡಿಸ್ಥಳ. ಚೋಮ ಬದುಕಿದ್ದು ಅರ್ಜಿ ಕೊಟ್ಟಿದ್ದರೂ ಅವನಿಗೆ ಗದ್ದೆ ಸಿಗುತ್ತಿರಲಿಲ್ಲವೆಂಬುದನ್ನು ಆ ಮಕ್ಕಳು ಪುಟ ತಿರುವುತ್ತ ತಾವೇ ಕಂಡುಕೊಂಡರು. ಯಾವ ವಿಮರ್ಶಾ ಲೇಖನವೂ ಅವರಿಗೆ ಇದನ್ನು ಇಷ್ಟು ಖಚಿತವಾಗಿ ಹೇಳಿರಲಿಲ್ಲ.

ಆದರೆ ಅಂಥ ಇತರ ಕಡತಗಳನ್ನು ಹುಡುಕಿಕೊಂಡು ತಾಲೂಕು ಕಚೇರಿಯೊಂದಕ್ಕೆ ಹೋದ ಇದೇ ವಿದ್ಯಾರ್ಥಿಗಳಿಗೆ ಮೊದಲು ಸರ್ವೆ ನಂಬರ್ ಕೇಳಿದರು, ಬಳಿಕ ‘ನಿಮಗೂ ಆ ಜಾಗಕ್ಕೂ ಏನು ಸಂಬಂಧ’ ಎಂದು ವಿಚಾರಿಸಿದರು, ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂದು ಕಳುಹಿಸಿದರು. ಅಲ್ಲಿನ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಜಾಗದ ತಕರಾರಿಲ್ಲದೆ ಹಳೆಯ ಕಡತ ಕೇಳಿಕೊಂಡು ಯಾರಾದರೂ ಬರುತ್ತಾರೆಂಬುದೇ ಅವರಿಗೆ ಹೊಸದು. ಅಂಥವರಿಗೆ ತೋರಿಸಬಹುದೆಂಬ ಸ್ಪಷ್ಟ ಆದೇಶ ಮೇಲಿನಿಂದ ಬಾರದೆ ಕಡತ ಹೊರತೆಗೆಯಲು ಯಾರಿಗಾದರೂ ಹಿಂಜರಿಕೆಯೇ.

ರಾಜ್ಯ ಸರಕಾರವು ‘ಭೂ ಸುರಕ್ಷಾ’ ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಸ್ವಾಗತಾರ್ಹ. ಈ ಕಾರ್ಯದಲ್ಲಿ ಭೂನ್ಯಾಯಮಂಡಳಿಯ ಕಡತಗಳು ಮತ್ತು ಡಿ.ಸಿ. ಮನ್ನಾ ರಿಜಿಸ್ಟರುಗಳು ಒಂದೂ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಸರ್ವೆ ನಂಬರ್ ತಿಳಿಯದವರೂ ಹುಡುಕುವಂತೆ ಗ್ರಾಮವಾರು, ವರ್ಷವಾರು ಸೂಚಿಯನ್ನು ತಯಾರಿಸಬೇಕು. ಕಾಲೇಜಿನ ಪ್ರಾಂಶುಪಾಲರ ಪತ್ರ ತಂದ ವಿದ್ಯಾರ್ಥಿಗಳು ಕಚೇರಿಯಲ್ಲೇ ಕುಳಿತು ಓದಿ ಟಿಪ್ಪಣಿ ಮಾಡಿಕೊಳ್ಳಲು ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಬೇಕು. ಇಂದಿಗೂ ವ್ಯಾಜ್ಯದಲ್ಲಿರುವ ಜಮೀನಿನ ಕಡತಗಳನ್ನು ಸದ್ಯಕ್ಕೆ ಹೊರಗಿಡಬಹುದು. ಪ್ರಬಂಧಗಳಲ್ಲಿ ವ್ಯಕ್ತಿಗಳ ಹೆಸರು ಬಳಸಬಾರದೆಂದು ಷರತ್ತು ಹಾಕಿದರೂ ತೊಂದರೆಯಿಲ್ಲ. ವಿಶ್ವವಿದ್ಯಾನಿಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಕೂಡಿ ಹಳೆಯ ಕಂದಾಯ ದಾಖಲೆಗಳ ಬರಹವನ್ನೂ ಪರಿಭಾಷೆಯನ್ನೂ ಕಲಿಸುವ ಅಲ್ಪಾವಧಿಯ ಶಿಬಿರಗಳನ್ನು ನಡೆಸಿದರೆ ಇನ್ನೂ ಒಳ್ಳೆಯದು. ಅಡಂಗಲ್ ಓದಬಲ್ಲ ಹಳಬರು, ನಿವೃತ್ತ ಶ್ಯಾನುಭೋಗರು ಊರುಗಳಲ್ಲಿ ಈಗಲೂ ಅಲ್ಲಲ್ಲಿ ಇದ್ದಾರೆ. ಶಿಬಿರಗಳಿಗೆ ಮೊದಲು ಆಹ್ವಾನ ಹೋಗಬೇಕಾದದ್ದು ಅವರಿಗೆ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ಪುತ್ತೂರು ತಾಲೂಕು, ದಕ್ಷಿಣ ಕನ್ನಡ