ಚಕ್ರ ಆಮೇಲೆ, ಮೊದಲು ಗ್ರೀಸ್ ಗನ್ ತಗೋ

ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಬ್ರಿಸ್ಟಲ್‌ನಿಂದ ಕಳಿಸಿದ ಫೋಟೋಗಳನ್ನು ಟಿವಿಯಲ್ಲಿ ದೊಡ್ಡದು ಮಾಡಿಸಿಕೊಂಡು ನೋಡಿದೆ. ನಿನ್ನ ದೊಡ್ಡಮ್ಮ, ‘ಇದೇನ್ರೀ, ಕಾರಿಗೆ ಮರದ ಚೌಕಟ್ಟು ಹಾಕಿದ್ದಾರೆ’ ಅಂದಳು. 1969ರ ಮಾರಿಸ್ ಮೈನರ್ ಟ್ರಾವೆಲರ್. 1098 ಸಿಸಿ ಇಂಜಿನ್, ಹಿಂದೆ ಎರಡು ಬಾಗಿಲು, ಪಕ್ಕಕ್ಕೆ ಆಶ್ ಮರ. ಒಳ್ಳೆ ಗಾಡಿಯನ್ನೇ ಹಿಡಿದಿದ್ದೀಯ.

ನೀನು ಕೇಳಿರುವುದು ಒಂದೇ ಪ್ರಶ್ನೆ. ಅಗಲವಾದ 13 ಇಂಚಿನ ಅಲಾಯ್ ಚಕ್ರ ಹಾಕಿಸಲಾ, ಇಲ್ಲ ಈಗಿರುವ 14 ಇಂಚಿನ ಉಕ್ಕಿನ ಡಿಸ್ಕುಗಳನ್ನೇ ಸರಿ ಮಾಡಿಸಿಕೊಳ್ಳಲಾ ಅಂತ. ಉತ್ತರ ಈಗಲೇ ಹೇಳಿಬಿಡುತ್ತೇನೆ: ಈ ವರ್ಷ ಉಕ್ಕಿನದೇ ಇರಲಿ. ಅಲಾಯ್ ಕೆಟ್ಟದ್ದು ಅಂತಲ್ಲ. ಚಕ್ರವನ್ನು ಗಾಡಿಗೆ ಹಿಡಿದು ನಿಲ್ಲಿಸಿರುವ ಸಾಮಾನು ಯಾವ ಸ್ಥಿತಿಯಲ್ಲಿದೆ ಅಂತ ನೀನಿನ್ನೂ ನೋಡಿಲ್ಲ. ಇಷ್ಟು ಫೋಟೋಗಳಲ್ಲಿ ಒಂದೂ ಗಾಡಿಯ ಅಡಿಯದ್ದಲ್ಲ!

ಈ ಗಾಡಿ ನನಗೆ ತೀರಾ ಹೊಸದೇನಲ್ಲ. ಇಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಐವತ್ತರ ದಶಕದಲ್ಲಿ ಮೈನರನ್ನೇ ‘ಬೇಬಿ ಹಿಂದೂಸ್ತಾನ್’ ಅನ್ನೋ ಹೆಸರಲ್ಲಿ ಮಾರುತ್ತಿದ್ದರು. ನಮ್ಮ ಅಂಬಾಸಿಡರ್ ಕೂಡ ಅದೇ ಮನೆತನದ್ದು, ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸೀರೀಸಿನಿಂದ ಬಂದದ್ದು. ಗ್ಯಾರೇಜಿನಲ್ಲಿ ಜೀವಮಾನವೆಲ್ಲ ಅಂಬಾಸಿಡರ್‌ಗಳ ಅಡಿಯಲ್ಲಿ ಮಲಗಿದವನಿಗೆ ಮೈನರ್‌ನ ಅಡಿ ನೋಡಿದರೆ ನೆಂಟರ ಮನೆಗೆ ಹೋದ ಹಾಗಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೈನರ್‌ನ ಮುಂದಿನ ಚಕ್ರ ತಿರುಗುವುದು ಒಂದು ನಿಂತ ಪಿನ್ನಿನ ಮೇಲೆ. ಆ ಪಿನ್ನಿನ ಮೇಲ್ತುದಿಗೂ ಕೆಳತುದಿಗೂ ಮರೆ, ಅಂದರೆ ಸ್ಕ್ರೂವಿನಲ್ಲಿರುವಂಥ ಸುತ್ತುಗೆರೆ, ಕೊರೆದಿರುತ್ತದೆ. ಆ ಮರೆಗೆ ಕೂತಿರುವ ಭಾಗವೇ ಟ್ರನಿಯನ್. ನೀನು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಲೋಹದ ಮರೆಯೊಳಗೆ ಲೋಹದ ಮರೆ ತಿರುಗುತ್ತದೆ. ನಡುವೆ ಇರುವುದು ಗ್ರೀಸ್ ಮಾತ್ರ. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ. ಪೂರ್ತಿ ಸವೆದ ದಿನ ಪಿನ್ನು ಕೆಳಗಿನ ಟ್ರನಿಯನ್ನಿನಿಂದ ಕಳಚಿಕೊಂಡು ಚಕ್ರ ಮಡ್‌ಗಾರ್ಡಿನೊಳಕ್ಕೆ ಮಡಚಿ ಕೂರುತ್ತದೆ. ಸಾಮಾನ್ಯವಾಗಿ ಇದಾಗುವುದು ನಿಧಾನವಾಗಿ ಪೂರ್ತಿ ಕಟ್ ಹೊಡೆದು ಪಾರ್ಕ್ ಮಾಡುವಾಗ. ಹಾಗಂತ ಅದೃಷ್ಟವನ್ನು ನಂಬಿಕೊಂಡು ಮೋಟರ್‌ವೇಗೆ ಹೋಗಬೇಡ.

ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲ ಬಿಡುವ ಹಾಗೆ ಜಾಕಿ ಕೊಡು. ಜಾಕಿ ಒಂದನ್ನೇ ನಂಬಬೇಡ, ಗಟ್ಟಿ ಸ್ಟ್ಯಾಂಡ್ ಇಡು. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸು. ಪ್ಲೇ, ಅಂದರೆ ಸಡಿಲವಾದ ಅಲ್ಲಾಟ, ಸಿಕ್ಕಿತು ಅಂತಿಟ್ಟುಕೋ. ಬೇರಿಂಗಿನದಾ, ಮರೆಯದಾ ಅಂತ ಗೊತ್ತಾಗಬೇಕಲ್ವಾ? ಯಾರನ್ನಾದರೂ ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯೋಕೆ ಹೇಳು. ಬ್ರೇಕ್ ಹಿಡಿದರೂ ಪ್ಲೇ ಹಾಗೇ ಇದ್ದರೆ ಅದು ಬೇರಿಂಗಿನದಲ್ಲ. ಟ್ರನಿಯನ್ ಹತ್ತಿರ ಟಾರ್ಚ್ ಬಿಟ್ಟು ನೋಡು, ಅಲ್ಲೇ ಅಲ್ಲಾಡುವುದು ಕಾಣಿಸುತ್ತದೆ. ಸವೆದಿದ್ದರೆ ಬದಲಾಯಿಸಲೇಬೇಕು. ಗ್ರೀಸ್ ತುಂಬಿದರೆ ಸವೆದ ಮರೆ ಬೆಳೆಯುವುದಿಲ್ಲ.

ಚೆನ್ನಾಗಿದ್ದರೆ 1000 ಮೈಲಿಗೊಮ್ಮೆ ಗ್ರೀಸ್ ಹೊಡಿ. ಒಂದೊಂದು ಪಕ್ಕಕ್ಕೆ ಮೇಲೊಂದು, ಕೆಳಗೊಂದು ಗ್ರೀಸ್ ತುಂಬುವ ನಿಪ್ಪಲ್ ಇದೆ. ಚಕ್ರ ನೇತಾಡುತ್ತಿರುವಾಗಲೇ ಹೊಡಿ, ಆಗ ಮರೆಯ ಮೇಲಿನ ಭಾರ ಇಳಿದು ಗ್ರೀಸ್ ಎಲ್ಲ ಕಡೆ ಹೋಗುತ್ತದೆ. ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋವರೆಗೂ ಬಿಡಬೇಡ. ಟ್ರಯಂಫ್ ಗಾಡಿ ಇಟ್ಟವರು ಯಾರಾದರೂ ‘ಟ್ರನಿಯನ್ನಿಗೆ ಆಯಿಲ್ ಹಾಕಬೇಕು’ ಅಂತ ಹೇಳಬಹುದು. ಅವರ ಗಾಡಿಗೆ ಅದು ಸರಿ. ನಿನ್ನದಕ್ಕೆ ಗ್ರೀಸೇ.

ಅಗಲದ ಚಕ್ರ ಬೇಡ ಅಂದದ್ದು ಇದೇ ಕಾರಣಕ್ಕೆ. ಟೈರ್ ಅಗಲವಾದಷ್ಟೂ ರಸ್ತೆಯನ್ನು ಜೋರಾಗಿ ಹಿಡಿಯುತ್ತದೆ. ಆ ಹಿಡಿತದ ಎಳೆತವೆಲ್ಲ ಬೀಳುವುದು ಈ ಮರೆಗಳ ಮೇಲೆ ಮತ್ತು ಮೇಲಿರುವ ಲಿವರ್ ಶಾಕ್ ಅಬ್ಸಾರ್ಬರ್ ಮೇಲೆ. ಮೈನರ್‌ನಲ್ಲಿ ಆ ಶಾಕ್‌ನ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳೂ ಹೌದು. 1948ರಲ್ಲಿ ಇದರ ವಿನ್ಯಾಸಕ ಇಸ್ಸಿಗೋನಿಸ್ ಈ ಗಾಡಿಯನ್ನು ಹೊರತಂದಾಗ ಲೆಕ್ಕ ಹಾಕಿದ್ದು ಸಣ್ಣ ಟೈರಿಗೆ. ಪವರ್ ಸ್ಟಿಯರಿಂಗ್ ಇಲ್ಲದೆಯೂ ಇದರ ಸ್ಟಿಯರಿಂಗ್ ಅಷ್ಟು ಹಗುರವಾಗಿ, ನೇರವಾಗಿ ಇರುವುದಕ್ಕೆ ಸಣ್ಣ ಟೈರೂ ಒಂದು ಕಾರಣ. ಬ್ರಿಸ್ಟಲ್‌ನಂಥ ಏರಿಳಿತದ ಊರಲ್ಲಿ ಇಕ್ಕಟ್ಟಿನ ಜಾಗಕ್ಕೆ ಗಾಡಿ ತಿರುಗಿಸಿ ನೋಡು, ನಿನಗೇ ತಿಳಿಯುತ್ತದೆ.

ಮುಂದೆ ಯಾವತ್ತಾದರೂ ಅಲಾಯ್ ಹಾಕಿಸೋದೇ ಆದರೆ ಮೊದಲು ಬೋಲ್ಟಿನ ಅಳತೆ ನೋಡು. ಮೈನರ್‌ಗೆ 4 ಬೋಲ್ಟು (ಸ್ಟಡ್ ಅಂತಾರೆ, ನಟ್ಟು ಬಿಗಿಯುವುದು ಇವಕ್ಕೇ), ಅವು ಕೂರುವ ವೃತ್ತ 4 ಇಂಚು, ಅಂದರೆ 101.6 ಮಿಮೀ. ಈಗಿನ ಎಷ್ಟೋ ಸಣ್ಣ ಕಾರುಗಳದ್ದು 100 ಮಿಮೀ. ‘ಒಂದೂವರೆ ಮಿಲಿ ತಾನೇ, ಕೂರುತ್ತೆ ಬಿಡಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಕೂರುತ್ತದೆ, ನಿಜ. ಆದರೆ ನಟ್ಟು ಓರೆಯಾಗಿ ಕೂರುತ್ತದೆ, ಸ್ಟಡ್ ಬಾಗುತ್ತದೆ, ಆಮೇಲೊಂದು ದಿನ ಮುರಿಯುತ್ತದೆ. ಅಂಥ ಮಾತು ಆಡಿದ ಅಂಗಡಿಗೆ ಎರಡನೇ ಸಲ ಹೋಗಬೇಡ.

ಎಂಜಿ ಮಿಜೆಟ್‌ನ 13 ಇಂಚಿನ ಚಕ್ರದ್ದು 4 ಇಂಚೇ. ಅದಕ್ಕೇ ಬಹಳ ಮೈನರ್‌ಗಳ ಮೇಲೆ ಅದನ್ನು ನೋಡುತ್ತೀಯ. ಮಿನಿಯದ್ದೂ 4 ಇಂಚೇ, ಆದರೆ ಅದು ಇನ್ನೂ ಚಿಕ್ಕ ಚಕ್ರ. ಆಫ್‌ಸೆಟ್ಟೂ ಬೇರೆ. ಚಕ್ರದ ನಡುಗೆರೆಯಿಂದ ಹಬ್ಬಿಗೆ (ಗಾಡಿಯಲ್ಲಿ ಚಕ್ರ ಕೂರಿಸುವ ಭಾಗಕ್ಕೆ) ತಾಗುವ ಮುಖ ಎಷ್ಟು ದೂರ ಇದೆ ಅನ್ನುವುದೇ ಆಫ್‌ಸೆಟ್. ಅದು ತಪ್ಪಿದರೆ ಚಕ್ರ ಹೊರಗೆ ಚಾಚಿಕೊಳ್ಳುತ್ತದೆ, ಇಲ್ಲ ಒಳಗೆ ತಾಗುತ್ತದೆ. ಹೊರಗೆ ಚಾಚಿದರೆ ಬೇರಿಂಗಿಗೂ ಏಟು.

ಇನ್ನೊಂದು ಲೆಕ್ಕ ನೋಡು. ಈಗಿನ 145/80 ಆರ್ 14 ಟೈರಿನ ಎತ್ತರ ಸುಮಾರು 588 ಮಿಮೀ. ನೀನು ಹೇಳಿದ 165/70 ಆರ್ 13ರದ್ದು 561. ಶೇಕಡಾ ನಾಲ್ಕೂವರೆ ಕಮ್ಮಿ. ಮೀಟರು ಸುಳ್ಳು ಹೇಳುತ್ತದೆ: ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಇನ್ನು 60 ಅಂತ ತೋರಿಸುವಾಗ ನೀನು ಹೋಗುತ್ತಿರುವುದು 57. ಅದು ಹೋಗಲಿ. ಇಂಜಿನ್ ಸುತ್ತು ಏರುತ್ತದಲ್ಲ, ಅದು ತೊಂದರೆ. ನಾಲ್ಕೇ ಗೇರಿನ ಈ ಗಾಡಿ 60 ಮೈಲಿಯಲ್ಲಿ ಈಗಲೇ ನಿಮಿಷಕ್ಕೆ 3800 ಸುತ್ತಿನ ಆಸುಪಾಸಿನಲ್ಲಿ ಕಿರುಚುತ್ತಿರುತ್ತದೆ. ಚಕ್ರ ಚಿಕ್ಕದಾದರೆ ಇನ್ನೂ ಕಿರುಚುತ್ತದೆ. ಅಲಾಯೇ ಬೇಕು ಅಂದರೆ 14 ಇಂಚಿನದ್ದೇ ಹುಡುಕು.

ಅಲಾಯ್‌ಗೆ ಅದರದೇ ನಟ್ಟು ಬೇಕು. ಉಕ್ಕಿನ ಡಿಸ್ಕಿನ ನಟ್ಟು ಅಲಾಯ್‌ನ ದಪ್ಪಕ್ಕೆ ಸಾಲುವುದಿಲ್ಲ, ಸ್ಟಡ್ಡಿಗೆ ಹಿಡಿಯುವ ಮರೆಯೇ ಕಡಿಮೆಯಾಗುತ್ತದೆ. ಹೊಸದಾಗಿ ಹಾಕಿಸಿದ ಮೇಲೆ ಐವತ್ತು ಮೈಲಿ ಓಡಿಸಿ ಮತ್ತೆ ಬಿಗಿ ನೋಡು. ಸ್ಟೆಪ್ನಿ ಉಕ್ಕಿನದಾಗಿದ್ದರೆ ಹಳೇ ನಟ್ಟುಗಳನ್ನೂ ಗಾಡಿಯಲ್ಲೇ ಇಟ್ಟುಕೋ. ಇಲ್ಲದಿದ್ದರೆ ಮಳೆಯಲ್ಲಿ ಪಂಕ್ಚರ್ ಆದ ರಾತ್ರಿ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ಟ್ರಾವೆಲರ್‌ನಲ್ಲಿ ಸ್ಟೆಪ್ನಿ ಮಲಗುವುದು ಹಿಂದಿನ ಹಲಗೆಯ ಕೆಳಗಿನ ಗೂಡಿನಲ್ಲಿ. ಅಗಲದ ಚಕ್ರ ಅಲ್ಲಿಗೆ ತೂರುತ್ತದಾ ಅಂತ ದುಡ್ಡು ಕೊಡುವ ಮೊದಲು ಅಳೆದು ನೋಡು.

ಈಗಿರುವ ಡಿಸ್ಕುಗಳ ಬಗ್ಗೆ. ಬಣ್ಣ ಕೆರೆಸಿ, ಸ್ಟಡ್ ತೂತುಗಳ ಸುತ್ತ ಕೂದಲೆಳೆಯ ಬಿರುಕಿದೆಯಾ ನೋಡಿಸು. ಬಿರುಕಿದ್ದರೆ ವೆಲ್ಡಿಂಗ್ ಬೇಡ, ಡಿಸ್ಕನ್ನೇ ಬಿಸಾಕು. ಬೆಂಡ್ ಇದ್ದರೆ ತಿರುಗಿಸಿ ನೋಡಿದಾಗ ಗೊತ್ತಾಗುತ್ತದೆ. ಪೌಡರ್ ಕೋಟಿಂಗ್ ಮಾಡಿಸು, ಆದರೆ ನಟ್ಟು ಕೂರುವ ಜಾಗದಲ್ಲೂ ಹಬ್ಬಿಗೆ ತಾಗುವ ಮುಖದಲ್ಲೂ ಬಣ್ಣ ಇರಬಾರದು. ದಪ್ಪ ಬಣ್ಣದ ಮೇಲೆ ಬಿಗಿದ ನಟ್ಟು, ಬಣ್ಣ ನುಗ್ಗಾದ ಹಾಗೆ ತಾನಾಗೇ ಸಡಿಲ ಬೀಳುತ್ತದೆ.

ಟೈರಿನ ಗುಂಡಿ (ಟ್ರೆಡ್) ನೋಡಿ ಸಮಾಧಾನ ಪಡಬೇಡ. ಕಡಿಮೆ ಓಡುವ ಹಳೇ ಗಾಡಿಯ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆಸು. ಭಾರದ ಅಂಕಿಯನ್ನೂ ನೋಡು. 76 ಅಂದರೆ ಒಂದು ಟೈರಿಗೆ 400 ಕೆಜಿ, 80 ಅಂದರೆ 450. ಹಿಂದೆ ನಾಯಿ, ಡೇರೆ, ಗೆಳತಿಯರ ಚೀಲ ಎಲ್ಲ ತುಂಬಿಕೊಂಡು ಹೋಗುವವಳು ನೀನು. ಹಳೇ ಕಾಲದ, ಒಳಗಿನ ನೂಲು ಅಡ್ಡಡ್ಡ ಹೆಣೆದ ಕ್ರಾಸ್‌ಪ್ಲೈ ಟೈರು ಒಂದೆರಡು ಉಳಿದಿದ್ದರೆ ಈಗಿನ ರೇಡಿಯಲ್ ಟೈರಿನ ಜೊತೆ ಬೆರೆಸಬೇಡ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕುವುದು ನಿಮ್ಮಲ್ಲಿ ಕಾನೂನಿಗೂ ವಿರುದ್ಧ.

ಮರದ ವಿಷಯ ನೀನು ಕೇಳೇ ಇಲ್ಲ. ನನಗೆ ಹೆಚ್ಚು ಚಿಂತೆ ಅದರದೇ. ಅಮೆರಿಕದ ಕೆಲವು ಗಾಡಿಗಳ ಹಾಗೆ ಚೆಂದಕ್ಕೆ ಅಂಟಿಸಿದ್ದಲ್ಲ ಅದು. ಗಾಡಿಯ ಹಿಂಭಾಗ ನಿಂತಿರುವುದೇ ಆ ಚೌಕಟ್ಟಿನ ಮೇಲೆ, ನಡುವಿನ ಅಲ್ಯೂಮಿನಿಯಂ ತಗಡು ಬರೀ ಹೊದಿಕೆ. 1953ರಿಂದ 1971ರವರೆಗೆ 2 ಲಕ್ಷಕ್ಕೂ ಜಾಸ್ತಿ ಟ್ರಾವೆಲರ್‌ಗಳು ಬಂದವು. ತುಂಬಾ ಗಾಡಿಗಳನ್ನು ತಿಂದದ್ದು ಕೊಳೆತ ಮರ.

ಪಕ್ಕದ ಜಾರುವ ಗಾಜಿನ ಕೆಳಗೆ ಒಂದು ಕಾಲುವೆ ಇದೆಯಲ್ಲ, ನೀರು ನಿಲ್ಲುವುದು ಅಲ್ಲೇ. ಎರಡನೇ ಫೋಟೋದಲ್ಲಿ ಅಲ್ಲಿ ಹಸಿರು ಪಾಚಿ ನೋಡಿದೆ! ‘ಮುದ್ದಾಗಿದೆ’ ಅಂತ ಬೇರೆ ಬರೆದಿದ್ದೀಯ. ಇವತ್ತೇ ಕೆರೆದು ತೆಗಿ, ನೀರು ಹೋಗುವ ತೂತು ಬಿಡಿಸು. ಆಮೇಲೆ ಮರದ ಜೋಡಣೆಗಳನ್ನು, ಅದರಲ್ಲೂ ಕೆಳಗಿನ ಅಡ್ಡಪಟ್ಟಿಯನ್ನೂ ಹಿಂದಿನ ಕಂಬದ ಬುಡವನ್ನೂ, ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡು. ಗಟ್ಟಿ ಇದ್ದು ಕಪ್ಪಾಗಿದ್ದರೆ ಬರೀ ಕಲೆ, ಉಜ್ಜಿ ತೆಗೆಯಬಹುದು. ತುದಿ ಒಳಗೆ ಇಳಿದರೆ ಕೊಳೆತಿದೆ ಅಂತ. ಅದಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿಯುವವನನ್ನು ಹತ್ತಿರ ಸೇರಿಸಬೇಡ. (ನಿನ್ನ ಹೆಸರನ್ನಲ್ಲ, ಗೋಡೆಗೆ ಹಚ್ಚುವ ಪುಟ್ಟಿಯನ್ನು ಹೇಳಿದೆ!) ಆ ತುಂಡನ್ನೇ ಬದಲಾಯಿಸಬೇಕು.

ದಪ್ಪ ವಾರ್ನಿಷ್ ಮೊದಲು ಹೊಳೆಯುತ್ತದೆ. ಬಿಸಿಲಿಗೆ ಬಿರಿದ ಮೇಲೆ ಬಿರುಕಿನಿಂದ ನೀರು ಒಳಗೆ ಹೋಗಿ ಹೊರಗೆ ಬರಲಾರದೆ ಕೂರುತ್ತದೆ. ತೇವ ಹೊರಬಿಡುವ, ತೆಳ್ಳಗಿನ ಮರದ ಲೇಪವನ್ನು ವರ್ಷಕ್ಕೊಮ್ಮೆ ಒಣ ಹವೆಯಲ್ಲಿ ಹಚ್ಚು. ಮರದ ಗಾಡಿಯನ್ನು ಒದ್ದೆ ಹೊದಿಕೆಯಡಿ ಮುಚ್ಚಿಡಬೇಡ. ಸುಮ್ನೆ ಗಾಳಿಗೆ ನಿಂತಿರಲಿ.

ಬ್ರೇಕಿನ ಬಗ್ಗೆ ಒಂದೇ ಮಾತು. ಆಯಿಲ್ ಡಬ್ಬಿ ಬಾನೆಟ್ಟಿನಡಿ ಹುಡುಕಬೇಡ, ಸಿಗುವುದಿಲ್ಲ. ಮಾಸ್ಟರ್ ಸಿಲಿಂಡರ್ ಡ್ರೈವರ್‌ನ ಕಾಲಡಿ ಇದೆ, ಕಾರ್ಪೆಟ್ ಎತ್ತಿ ನೋಡಬೇಕು. ಕಣ್ಣಿಗೆ ಬೀಳದ್ದರಿಂದ ಎಲ್ಲರೂ ಮರೆಯುತ್ತಾರೆ. ನಾಲ್ಕೂ ಕಡೆ ಡ್ರಮ್ಮು, ಬ್ರೇಕ್ ಒತ್ತುವಾಗ ಬಲ ಕೊಡುವ ಸರ್ವೋ ಇಲ್ಲ. ಮುಂದಿನ ಗಾಡಿಯಿಂದ ದೂರ ಇರು.

ಬ್ಯಾಟರಿಗೆ ಕೈ ಹಾಕುವ ಮೊದಲು ಯಾವ ತಂತಿ ಬಾಡಿಗೆ ಹೋಗಿದೆ ನೋಡು. ಈ ಗಾಡಿಗಳು ಮೂಲತಃ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತಂತಿ ಬಾಡಿಗೆ ಹೋಗಿರುತ್ತದೆ. ಹಾಗೇ ಉಳಿದಿದ್ದರೆ ಈಗಿನ ರೇಡಿಯೋ ಹಾಕಿದ ಕ್ಷಣವೇ ಸುಡುತ್ತದೆ. ಪೆಟ್ರೋಲು ಸೂಪರ್ ದರ್ಜೆಯ ಇ5 ಹಾಕು. 2021ರ ಸೆಪ್ಟೆಂಬರ್‌ನಿಂದ ನಿಮ್ಮಲ್ಲಿ ಮಾಮೂಲಿ ಪೆಟ್ರೋಲು ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು, ಆಗಿದೆ. ಅದರ ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಇಂಜಿನ್ನಿಗೆ 20ಡಬ್ಲ್ಯೂ50 ಅನ್ನೋ ದಪ್ಪ ಆಯಿಲ್, 3000 ಮೈಲಿಗೊಮ್ಮೆ. ತೆಳು ಸಿಂಥೆಟಿಕ್ ಮಾರಲು ಬಂದವನಿಗೆ ನಮಸ್ಕಾರ ಹೇಳಿ ಕಳಿಸು.

ನಲವತ್ತು ವರ್ಷ ದಾಟಿದ ಗಾಡಿಗೆ ಎಂಒಟಿ (ನಿಮ್ಮಲ್ಲಿನ ವಾರ್ಷಿಕ ಗಾಡಿ ತಪಾಸಣೆ) ಬೇಕಿಲ್ಲ ಅಂತ ಖುಷಿಯಲ್ಲಿ ಬರೆದಿದ್ದೀಯ. ಕಾಗದಕ್ಕೆ ಬೇಕಿಲ್ಲ, ನಿನಗೆ ಬೇಕು. ಫೀಸು ಕೊಟ್ಟು ನೀನೇ ಮಾಡಿಸು. ರ‍್ಯಾಂಪಿನ ಮೇಲೆ ಗಾಡಿ ಏರಿಸಿ, ಸಂಬಂಧವಿಲ್ಲದ ಒಬ್ಬ ಮನುಷ್ಯ ಅಡಿಯಿಂದ ನೋಡಲಿ. ನೀನೂ ಅವನ ಪಕ್ಕ ನಿಂತು ನೋಡು. ಬಿಡಿಭಾಗಕ್ಕೆ ಅಲ್ಲಿ ಬರ ಇಲ್ಲ. ಒಂದು ಕಾಲಕ್ಕೆ ಶ್ರೀಲಂಕಾದಲ್ಲಿ ಮೈನರ್‌ನ ತಗಡು ಭಾಗ ಮಾಡಿ ಇಂಗ್ಲೆಂಡಿಗೇ ಕಳಿಸುತ್ತಿದ್ದರು. ಈ ಗಾಡಿಯ ಸಾಮಾನಿಗೆ ಗಿರಾಕಿಗಳು ಅಷ್ಟಿದ್ದಾರೆ.

ಅಲಾಯ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಒಂದು ಗ್ರೀಸ್ ಗನ್, ಎರಡು ಒಳ್ಳೆ ಸ್ಟ್ಯಾಂಡು, ನಟ್ಟಿನ ಬಿಗಿ ಅಳೆದು ಬಿಗಿಯುವ ಒಂದು ಟಾರ್ಕ್ ಪಾನಾ ತಗೋ. ಟ್ರನಿಯನ್ ಹೋಗಿದ್ದರೆ ಎರಡೂ ಪಕ್ಕದ್ದು ಒಟ್ಟಿಗೆ ಹಾಕಿಸು. ಉಳಿದದ್ದರಲ್ಲಿ ನಾಲ್ಕು ಟೈರು ಬರುತ್ತದೆ. ಸ್ಟೆಪ್ನಿಗೂ ಸೇರಿಸಿ ಐದು ಬಂದರೆ ಇನ್ನೂ ಒಳ್ಳೆಯದು.

ಭಾನುವಾರ ಚಕ್ರ ಎತ್ತಿದಾಗ ನನಗೆ ವಿಡಿಯೋ ಕಾಲ್ ಮಾಡು. ಫೋನನ್ನು ಕೆಳಗಿನ ಟ್ರನಿಯನ್ ಹತ್ತಿರ ಹಿಡಿ, ಚಕ್ರ ಅಲ್ಲಾಡಿಸೋಕೆ ಬೇರೆ ಯಾರನ್ನಾದರೂ ಕರೆದುಕೋ. ಇಲ್ಲಿ ರಾತ್ರಿ ಒಂಬತ್ತರ ಒಳಗಾದರೆ ಅನುಕೂಲ.

ಇಂತಿ ನಿನ್ನ
ದೊಡ್ಡಪ್ಪ